ಒಂದು ಟನ್ ಕಬ್ಬಿಣ, ಒಂದು ಹಾರೆ, ಒಬ್ಬ ಮನುಷ್ಯ

ಹೆಚ್ಚೂಕಡಿಮೆ ಸಾವಿರ ಕಿಲೋ ತೂಗುವ ಲೇತ್ ಮೆಷಿನ್ನು. ಅದನ್ನು ಒಂದು ಶೆಡ್ಡಿನಿಂದ ಇನ್ನೊಂದು ಶೆಡ್ಡಿಗೆ ಸಾಗಿಸಿದ್ದು ಒಬ್ಬನೇ ಮನುಷ್ಯ! ಕ್ರೇನ್ ಬರಲಿಲ್ಲ, ಜೆಸಿಬಿ ಬರಲಿಲ್ಲ, ಹತ್ತು ಜನ ಸುತ್ತ ನಿಂತು ಐಲೇಸಾ ಅನ್ನಲಿಲ್ಲ. ಐದಡಿ ಉದ್ದದ ಒಂದು ಹಾರೆ, ನಾಲ್ಕು ತುಂಡು ಪೈಪು, ಒಂದಷ್ಟು ಜಾಲಿ ಮರದ ದಿಮ್ಮಿ, ಒಂದು ಹಗ್ಗ, ಇಷ್ಟೇ ಸಾಮಾನು. ಹೊಸದುರ್ಗದ ಒಂದು ವರ್ಕ್‌ಶಾಪಿನಲ್ಲಿ ಅರವತ್ತು ದಾಟಿದ ಮೇಸ್ತ್ರಿಯೊಬ್ಬರು ಬೆಳಗಿನ ತಿಂಡಿ ಮುಗಿಸಿ ಈ ಕೆಲಸಕ್ಕೆ ಕೈ ಹಾಕಿದರು. ಸಂಜೆಯ ಟೀ ಹೊತ್ತಿಗೆ ಮೆಷಿನ್ನು ಹೊಸ ಜಾಗದಲ್ಲಿ ಕೂತಿತ್ತು. ಮೇಸ್ತ್ರಿ ಬೆವರಿದ್ದರು ನಿಜ. ಆದರೆ ಇಡೀ ದಿನದಲ್ಲಿ ಒಮ್ಮೆಯೂ ಅವರು ಏದುಸಿರು ಬಿಟ್ಟಿದ್ದನ್ನು ನಾನು ಕಾಣಲಿಲ್ಲ.

ನೋಡುತ್ತ ನಿಂತ ನನಗೆ ಮೊದಲು ಹುಟ್ಟಿದ ಪ್ರಶ್ನೆ ಒಂದೇ: ಆ ಸಾವಿರ ಕಿಲೋ ಎಲ್ಲಿಗೆ ಹೋಯಿತು?

ಹೊಸದುರ್ಗದ ಕಡೆ ಓಡಾಡಿದವರಿಗೆ ಈ ವರ್ಕ್‌ಶಾಪುಗಳ ಲೋಕ ಗೊತ್ತು. ತೆಂಗು, ಅಡಿಕೆ, ದಾಳಿಂಬೆಯ ತಾಲ್ಲೂಕು ಇದು. ತೋಟ ಅಂದರೆ ಬೋರ್‌ವೆಲ್, ಬೋರ್‌ವೆಲ್ ಅಂದರೆ ಮೋಟಾರು ಪಂಪು, ಪಂಪು ಅಂದರೆ ಸವೆದ ಶಾಫ್ಟು, ಕಿತ್ತುಹೋದ ಬುಷ್ಷು. ಟ್ರ್ಯಾಕ್ಟರಿನ ಪಿನ್ನು, ಟ್ರೈಲರಿನ ಆಕ್ಸಲ್ಲು, ಹಿಟ್ಟಿನ ಗಿರಣಿಯ ಪುಲ್ಲಿ ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಯಾವುದೋ ತಗಡಿನ ಶೆಡ್ಡಿನೊಳಗಿನ ಲೇತ್ ಮುಂದೆ. ಹೊರಗೆ ಗುಡ್ಡಗಳ ನೆತ್ತಿಯ ಮೇಲೆ ಸಾಲಾಗಿ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಅವುಗಳ ರೆಕ್ಕೆ ಹೊತ್ತ ಉದ್ದನೆಯ ಟ್ರೈಲರು ರಸ್ತೆಗೆ ಬಂದರೆ ಊರಿಗೆ ಊರೇ ನಿಂತು ನೋಡುತ್ತದೆ. ನೋಡುವಂಥದ್ದೇ ಅದು. ಆದರೆ ಯಾರೂ ನಿಂತು ನೋಡದ ಒಂದು ಶೆಡ್ಡಿನೊಳಗೆ ಇನ್ನೂ ದೊಡ್ಡ ಬೆರಗು ನಡೆಯುತ್ತದೆ ಎಂಬುದು ನನಗೆ ಅಂದು ಗೊತ್ತಾಯಿತು.

ಮೆಷಿನ್ನು ಹರಿಹರದ್ದು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾದ ಲೇತುಗಳು ದೇಶದ ಮೂಲೆಮೂಲೆ ಸೇರಿವೆ. ಬೆಂಗಳೂರಿನ ಎಚ್‌ಎಂಟಿ ಹುಟ್ಟಿದ್ದೇ 1953ರಲ್ಲಿ; ಅದಕ್ಕೂ ಮೊದಲೇ ತುಂಗಭದ್ರೆಯ ದಂಡೆಯಲ್ಲಿ ಯಂತ್ರ ಮಾಡುವ ಯಂತ್ರಗಳು ತಯಾರಾಗುತ್ತಿದ್ದವು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಹರಿಹರ ಕೂಡ ಹೊಸದುರ್ಗದಂತೆ ಚಿತ್ರದುರ್ಗ ಜಿಲ್ಲೆಯೇ, ಅಂದರೆ ಈ ಲೇತು ಒಂದು ಲೆಕ್ಕದಲ್ಲಿ ಮನೆಮಗಳು. ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ವರ್ಷವಾದವು. ಮೆಷಿನ್ನುಗಳು ಮಾತ್ರ ಇನ್ನೂ ತಿರುಗುತ್ತಿವೆ.

ಇಷ್ಟೊಂದು ತೂಕ ಯಾಕೆ ಅಂತ ಕೇಳಬಹುದು. ಉಳಿದ ಭಾಗಗಳನ್ನೆಲ್ಲ ಹೊತ್ತ ಲೇತಿನ ಬೆಡ್ಡು ಬೀಡು ಕಬ್ಬಿಣದ್ದು. ಬೀಡಿನೊಳಗೆ ಗ್ರಾಫೈಟಿನ ಸಣ್ಣ ಸಣ್ಣ ಚಕ್ಕೆಗಳು ಹರಡಿಕೊಂಡಿರುತ್ತವೆ, ಅವು ನಡುಕವನ್ನು ನುಂಗಿಬಿಡುತ್ತವೆ. ಟೂಲು ಉಕ್ಕನ್ನು ಕಚ್ಚಿ ಕೊರೆಯುವಾಗ ಮೆಷಿನ್ನು ಕಂಪಿಸಿದರೆ ಕೆಲಸದ ಮೇಲೆ ಅಲೆಅಲೆ ಗೆರೆ ಬೀಳುತ್ತದೆ. ನಡುಕ ತಡೆಯುವ ಆ ಭಾರವೇ ಅದರ ಬಾಳು. ಆದರೆ ಜಾಗ ಬದಲಿಸುವ ದಿನ ಅದೇ ಭಾರ ಎದುರಿಗೆ ನಿಂತು ಸವಾಲು ಹಾಕುತ್ತದೆ.

ಆಶ್ಚರ್ಯ ನೋಡಿ, ಮೊದಲ ಒಂದು ಗಂಟೆ ಮೇಸ್ತ್ರಿ ಮೆಷಿನ್ನನ್ನು ಅಲುಗಾಡಿಸಲೇ ಇಲ್ಲ! ಮೇನ್ ಸ್ವಿಚ್ ಆರಿಸಿ, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡರು. ತ್ರೀ ಫೇಸಿನ ಮೂರು ವೈರಿಗೆ ಮೂರು ಬಣ್ಣದ ಟೇಪು ಸುತ್ತಿದರು. ಮತ್ತೆ ಜೋಡಿಸುವಾಗ ಮೂರರಲ್ಲಿ ಯಾವ ಎರಡು ಅದಲುಬದಲಾದರೂ ಮೋಟಾರು ಉಲ್ಟಾ ತಿರುಗುತ್ತದೆ. ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ಚಕ್ಕು ತಿರುಪಿನಂತೆ ತಿರುಗಿಸಿ ಕೂರಿಸಿದ್ದಾದರೆ ಉಲ್ಟಾ ತಿರುಗಿದಾಗ ತಾನೇ ಬಿಚ್ಚಿಕೊಂಡು ಹಾರಿಬರಬಹುದು. ಆಮೇಲೆ ಪೊರಕೆ ಹಿಡಿದು ಹೋಗಬೇಕಾದ ದಾರಿ ಪೂರ್ತಿ ಗುಡಿಸಿದರು. ಲೇತಿನ ಒಂದೇ ಒಂದು ಕಬ್ಬಿಣದ ಚೂರು ಉರುಳೆಯ ಅಡಿ ಸಿಕ್ಕರೂ ಟನ್ ಮೆಷಿನ್ನು ಅಲ್ಲೇ ಕಚ್ಚಿ ನಿಲ್ಲುತ್ತದಂತೆ. ಟೇಪು ಹಿಡಿದು ಬಾಗಿಲಿನ ಅಗಲ, ತಿರುವಿನ ಜಾಗ ಅಳೆದರು. ನೆಲದಲ್ಲಿ ಬಿರುಕಿದ್ದ ಕಡೆ ದಪ್ಪ ಶೀಟು ಹಾಸಿದರು.

ನಂತರ ಭಾರ ಕಳೆಯುವ ಕೆಲಸ. ಚಕ್ಕು ಬಿಚ್ಚುವ ಮೊದಲು ಅದರ ಅಡಿಗೆ ಬೆಡ್ಡಿನ ಮೇಲೆ ಹಲಗೆ ಇಟ್ಟರು. ನಾಲ್ಕು ದವಡೆಯ ದೊಡ್ಡ ಚಕ್ಕು ಒಬ್ಬರೇ ಎತ್ತುವುದಕ್ಕೆ ಯೋಚಿಸಬೇಕಾದ ತೂಕ. ಕೈಜಾರಿದರೆ ಬೆಡ್ಡೂ ಹೋಯಿತು, ಬೆರಳೂ ಹೋಯಿತು. ಟೂಲು ಹೊತ್ತು ಸರಿಯುವ ಕ್ಯಾರೇಜನ್ನೂ, ಸರಳಿನ ತುದಿಗೆ ಆಸರೆ ಕೊಡುವ ಟೇಲ್‌ಸ್ಟಾಕನ್ನೂ ಬಲಗಡೆಯ ಕೊನೆಗೆ ಸರಿಸಿ ಬಿಗಿದರು. ಯಾಕೆಂದರೆ ಗೇರ್ ಬಾಕ್ಸು, ಸ್ಪಿಂಡಲ್ಲು, ಮೋಟಾರು ಎಲ್ಲ ಇರುವುದು ಎಡಗಡೆ, ಹೆಡ್‌ಸ್ಟಾಕಿನ ಕಡೆ. ಮೆಷಿನ್ನಿನ ಅರ್ಧಕ್ಕಿಂತ ಹೆಚ್ಚು ಭಾರ ಅಲ್ಲೇ ಕೂತಿರುತ್ತದೆ. ಸರಿಯುವ ಭಾಗಗಳನ್ನೆಲ್ಲ ಆಚೆ ತುದಿಗೆ ಕಳಿಸಿದರೆ ಒಂದಿಷ್ಟು ಸಮತೋಲ ಬರುತ್ತದೆ.

ಲೇತು ನೋಡಲು ಉದ್ದ, ಆದ್ದರಿಂದ ಗಟ್ಟಿಯಾಗಿ ನಿಂತಿದೆ ಅನ್ನಿಸುತ್ತದೆ. ಉದ್ದದ ಕಡೆಗೆ ಅದು ಬೀಳುವುದೂ ಇಲ್ಲ. ಅಪಾಯ ಇರುವುದು ಹಿಂದೆ ಮುಂದೆ. ಕಾಲಿನ ಅಗಲ ಕಡಿಮೆ, ತೂಕವೆಲ್ಲ ಸೊಂಟದ ಮೇಲೆ. ಸ್ವಲ್ಪ ಓಲಿದರೆ ಮಗುಚಿಕೊಳ್ಳುತ್ತದೆ, ಮಗುಚುವ ಟನ್ ಕಬ್ಬಿಣವನ್ನು ತಡೆಯುವ ಕೈ ಈ ಭೂಮಿಯ ಮೇಲಿಲ್ಲ. ಅದಕ್ಕೇ ಮೇಸ್ತ್ರಿ ಮೆಷಿನ್ನಿನ ಕಾಲಿಗಿಂತ ಅಗಲವಾದ ಒಂದು ಚೌಕಟ್ಟು ಮೊದಲೇ ಸಿದ್ಧಮಾಡಿಟ್ಟಿದ್ದರು: ಉದ್ದಕ್ಕೆ ಎರಡು ತೊಲೆ, ಅವುಗಳ ಮೇಲೆ ಅಡ್ಡಕ್ಕೆ ಎರಡು ದಪ್ಪ ಪಟ್ಟಿ. ಮೆಷಿನ್ನಿನ ಕಾಲನ್ನು ಅಡ್ಡಪಟ್ಟಿಗಳ ಮೇಲೆ ಕೂರಿಸಿ, ಫೌಂಡೇಶನ್ ಬೋಲ್ಟಿನ ತೂತಿನಲ್ಲೇ ಬೋಲ್ಟು ಹಾಕಿ ಬಿಗಿದುಬಿಟ್ಟರೆ ಕಿರಿದಾದ ಕಾಲಿನ ಲೇತು ಅಗಲ ಕಾಲಿನದಾಗುತ್ತದೆ.

ಆದರೆ ಆ ಚೌಕಟ್ಟಿನ ಮೇಲೆ ಅದನ್ನು ಏರಿಸುವುದು ಹೇಗೆ? ಇಲ್ಲಿಂದ ಶುರುವಾಗುತ್ತದೆ ಅದ್ಭುತ!

ಹಾರೆಯ ಚಪ್ಪಟೆ ತುದಿ ಮೆಷಿನ್ನಿನ ಅಡಿಗೆ ಹೋಯಿತು. ತುದಿಯಿಂದ ಮೂರು ಬೆರಳು ಹಿಂದೆ, ಹಾರೆಯ ಕೆಳಗೆ, ಒಂದು ಗಟ್ಟಿ ಮರದ ತುಂಡು ಬಂತು. ಮೇಸ್ತ್ರಿ ಹಾರೆಯ ಆಚೆ ತುದಿಯ ಮೇಲೆ ಅಂಗೈ ಇಟ್ಟು ಒತ್ತಿದರು. ಅಷ್ಟೇ. ಮೆಷಿನ್ನಿನ ಬಲತುದಿ ಎದ್ದಿತು! ಒಂದು ಬೆರಳು. ಇನ್ನೊಂದು ಕೈಯಲ್ಲಿದ್ದ ಕೋಲಿನಿಂದ ಅರ್ಧ ಇಂಚಿನ ಹಲಗೆಯೊಂದನ್ನು ಸಂದಿಗೆ ತಳ್ಳಿದರು. ಹಾರೆ ಸಡಿಲಿಸಿದರು. ಮೆಷಿನ್ನು ಹಲಗೆಯ ಮೇಲೆ ಕೂತಿತು.

“ಎತ್ತಾಕೆ ಹೋಗ್ಬಾರ್ದು ಸಾರ್,” ಅಂದರು. “ಒಂದು ಬೆರಳು ಸಂದಿ ಮಾಡ್ಕೋಬೇಕು. ಮಾಡಿದ ಸಂದೀಗೆ ತಕ್ಷಣ ಒತ್ತು ಕೊಡ್ಬೇಕು.”

ನಾನು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದೆ. ಐದಡಿ ಅಂದರೆ ಸುಮಾರು 150 ಸೆಂಟಿಮೀಟರ್. ಮರದ ತುಂಡಿನಿಂದ ತುದಿಗೆ 7 ಸೆಂಟಿಮೀಟರ್ ಇದ್ದರೆ ಆಚೆ ಕಡೆ 140ಕ್ಕೂ ಹೆಚ್ಚು ಉಳಿಯಿತು. ಇಪ್ಪತ್ತು ಪಟ್ಟು! ಹಗುರವಾದ ಬಲತುದಿಯನ್ನಷ್ಟೇ ಎತ್ತುವುದರಿಂದ ಹಾರೆಯ ಮೇಲೆ ಬರುವುದು ಹೆಚ್ಚೆಂದರೆ 500 ಕಿಲೋ, ಉಳಿದದ್ದನ್ನು ನೆಲವೇ ಹೊತ್ತಿರುತ್ತದೆ. 500 ಭಾಗಿಸು 20, ಅಂದರೆ 25 ಕಿಲೋ. ಶಾಲೆಯಲ್ಲಿ ಸನ್ನೆಯ ಪಾಠ ಓದಿದವರೆಲ್ಲರಿಗೂ ಈ ಲೆಕ್ಕ ಬರುತ್ತದೆ, ಪರೀಕ್ಷೆಯಲ್ಲಿ ಅಂಕವನ್ನೂ ತೆಗೆದಿರುತ್ತೇವೆ. ಕಣ್ಣೆದುರಿಗೆ ಅದು ನಡೆಯುವುದನ್ನು ನೋಡುವುದೇ ಬೇರೆ!

ಇನ್ನೊಂದು ಲೆಕ್ಕ ಇದಕ್ಕಿಂತ ಬೆರಗಿನದು. 500 ಕಿಲೋವನ್ನು ಒಂದು ಸೆಂಟಿಮೀಟರ್ ಎತ್ತಲು ಬೇಕಾದ ಕೆಲಸವೂ, 5 ಕಿಲೋ ಅಕ್ಕಿಯ ಚೀಲವನ್ನು ನೆಲದಿಂದ ಒಂದು ಮೀಟರ್ ಎತ್ತರದ ಮೇಜಿಗೆ ಇಡುವ ಕೆಲಸವೂ ಒಂದೇ. ಸರಿಯಾಗಿ ಒಂದೇ. ಮನೆಯಲ್ಲಿ ದಿನವೂ ಮಾಡುವ ಕೆಲಸ! ಆ ಸಾವಿರ ಕಿಲೋ ಎಲ್ಲಿಗೂ ಹೋಗಿರಲಿಲ್ಲ. ಅದನ್ನು ಒಂದೇ ಸಲಕ್ಕೆ ಕೇಳುವ ಬದಲು ಸಣ್ಣ ಸಣ್ಣ ಕಂತಿನಲ್ಲಿ ಕೇಳಿದರೆ ಮನುಷ್ಯನ ತೋಳು ಕೊಡಬಲ್ಲದು, ಅಷ್ಟೆ.

ಆಗ ನನಗೆ ಹೊಳೆದದ್ದನ್ನು ಹೇಳಿಬಿಡಬೇಕು. ಭಾರದ ಕೆಲಸದಲ್ಲಿ ಸುಲಭವೂ ಕ್ಷೇಮವೂ ಬೇರೆ ಬೇರೆ ಅಂತ ನಾವು ತಿಳಿದಿದ್ದೇವೆ. ಬೇಗ ಮುಗಿಸಬೇಕೆಂದರೆ ಸ್ವಲ್ಪ ಅಪಾಯ, ಹುಷಾರಾಗಿರಬೇಕೆಂದರೆ ಹೆಚ್ಚು ಶ್ರಮ ಅಂತ. ಇಲ್ಲಿ ಎರಡೂ ಒಂದೇ ಆಗಿತ್ತು! ಒಂದು ಬೆರಳು ಎತ್ತುವುದು ಸುಲಭ. ಒಂದು ಬೆರಳಷ್ಟೇ ಎತ್ತಿ ಒತ್ತು ಕೊಟ್ಟ ಮೆಷಿನ್ನು ಹಾರೆ ಜಾರಿದರೂ ಬೀಳುವುದು ಒಂದೇ ಬೆರಳು. ಬಿದ್ದರೂ ಬೀಳಲು ಜಾಗವೇ ಇಲ್ಲದಂತೆ ಮಾಡಿಡುವುದು, ಇದೇ ಅವರ ಇಡೀ ವಿದ್ಯೆ. ಎಡತುದಿ ಒಂದು ಹಲಗೆ, ಬಲತುದಿ ಒಂದು ಹಲಗೆ, ಮತ್ತೆ ಎಡ, ಮತ್ತೆ ಬಲ. ಬೋಲ್ಟಿನ ತಲೆ ದಾಟುವಷ್ಟು ಮೇಲೆ ಬಂತು, ತೊಲೆ ನುಗ್ಗುವಷ್ಟು ಬಂತು, ಪೈಪು ನುಗ್ಗುವಷ್ಟೂ ಬಂತು. ಟನ್ ತೂಕದ ಲೇತು ಹಲಗೆಯ ಮೆಟ್ಟಿಲು ಹತ್ತುತ್ತಿತ್ತು!

ಆ ಹೊತ್ತಿನಲ್ಲಿ ಅವರ ಮೈ ಇದ್ದ ಬಗೆಯನ್ನು ನಾನು ಬಹಳ ಹತ್ತಿರದಿಂದ ನೋಡಿದೆ. ಹಾರೆಯನ್ನು ಯಾವಾಗಲೂ ಕೆಳಕ್ಕೆ ಒತ್ತುತ್ತಿದ್ದರು, ಮೇಲಕ್ಕೆ ಎಳೆಯುತ್ತಿರಲಿಲ್ಲ. ಹಾರೆಯ ಎರಡೂ ಕಡೆ ಕಾಲು ಹಾಕಿ ನಿಲ್ಲುತ್ತಿರಲಿಲ್ಲ, ಪಕ್ಕಕ್ಕೆ ನಿಲ್ಲುತ್ತಿದ್ದರು. ಮುಖ ಹಾರೆಯ ಮೇಲೆ ಬಾಗುತ್ತಿರಲಿಲ್ಲ, ಜಾರಿದ ಹಾರೆ ಚಿಮ್ಮಿದರೆ ದವಡೆ ಉಳಿಯುವುದಿಲ್ಲ. ಹಾರೆಯ ಮೇಲೆ ಮೆಷಿನ್ನು ನಿಂತಿದ್ದಾಗ ಒಂದು ಸಲವೂ ಬೆರಳು ಸಂದಿಗೆ ಹೋಗಲಿಲ್ಲ. ಹಲಗೆ ತಳ್ಳುವುದು ಕೋಲಿನಿಂದ, ಸರಿಪಡಿಸುವುದು ಕೋಲಿನಿಂದ, ಎಳೆದುಕೊಳ್ಳುವುದೂ ಕೋಲಿಗೆ ಕಟ್ಟಿದ ಕೊಕ್ಕೆಯಿಂದ. ಜಾಕು ಬಳಸುವ ಕೆಲಸವಾದರೂ ಇದೇ ಶಿಸ್ತು: ಜಾಕು ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದು ದಿಮ್ಮಿಯ ಕೆಲಸ. ಒಳಗಿನ ವಾಶರು ಯಾವ ಗಳಿಗೆಯಲ್ಲಿ ಕೈಕೊಡುತ್ತದೋ ಜಾಕಿಗೂ ತಿಳಿದಿರುವುದಿಲ್ಲ. ಸ್ಪಿಂಡಲ್ಲು, ಲೀಡ್ ಸ್ಕ್ರೂ, ಫೀಡ್ ರಾಡು ಇವನ್ನು ಹಿಡಿದು ಎತ್ತುವ ಯೋಚನೆಯನ್ನೂ ಮಾಡಬಾರದು. ಕಣ್ಣಿಗೆ ಹಿಡಿಕೆಯ ಹಾಗೆ ಕಾಣುತ್ತವೆ, ಬಾಗಿದರೆ ಮೆಷಿನ್ನಿನ ಜೀವವೇ ಹೋದಂತೆ.

ಅಂದ ಹಾಗೆ, ಒಬ್ಬರೇ ಎಂದರೆ ಕೈ ಒಬ್ಬರದು ಅಂತ ಅರ್ಥ. ಶೆಡ್ಡಿನ ಬಾಗಿಲಲ್ಲಿ ಅವರ ಮೊಮ್ಮಗ ಸ್ಟೂಲ್ ಹಾಕಿಕೊಂಡು ಕೂತಿದ್ದ, ಕೈಯಲ್ಲಿ ಫೋನು. ಒಳಗೆ ಬರಬಾರದು, ಎದ್ದು ಹೋಗಲೂಬಾರದು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಒಬ್ಬರಿಲ್ಲದೆ ಈ ಕೆಲಸಕ್ಕೆ ಇಳಿಯಲೇಬಾರದು ಎಂದು ಮೇಸ್ತ್ರಿ ಖಂಡಿತವಾಗಿ ಹೇಳಿದರು. ಹಾಗಿದ್ದರೆ ಆ ಹುಡುಗನೂ ಒಂದು ಕೈ ಕೊಡಬಹುದಲ್ಲ ಎಂದು ಕೇಳಿದೆ. ಇಬ್ಬರಿದ್ದರೆ ಒಬ್ಬ ಒತ್ತುವ ಹೊತ್ತಿಗೆ ಇನ್ನೊಬ್ಬನ ಬೆರಳು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ, ಒಬ್ಬನೇ ಇದ್ದರೆ ಇರುವ ಹತ್ತು ಬೆರಳೂ ತನ್ನ ಲೆಕ್ಕದಲ್ಲೇ ಇರುತ್ತವೆ ಅಂದರು. ಎಂಥ ಮಾತು!

ಈಗ ಪೈಪುಗಳ ಸರದಿ. ಸಿಮೆಂಟು ನೆಲದ ಮೇಲೆ ಟನ್ ಮೆಷಿನ್ನನ್ನು ಉಜ್ಜಿಕೊಂಡೇ ತಳ್ಳಬೇಕೆಂದರೆ 300ರಿಂದ 500 ಕಿಲೋದ ನೂಕು ಬೇಕು. ಅಡಿಗೆ ಉರುಳೆ ಕೊಟ್ಟರೆ? ಭಾರದ ನೂರಕ್ಕೆ ಐದು ಪಾಲು ಅಂತ ಧಾರಾಳವಾಗಿ ಹಿಡಿದರೂ 50 ಕಿಲೋ. ಆ ಐವತ್ತನ್ನೂ ಮೇಸ್ತ್ರಿ ತೋಳಿನಿಂದ ಕೊಡಲಿಲ್ಲ. ತೊಲೆಯ ಹಿಂಬದಿಗೆ ಹಾರೆಯ ತುದಿ ಕೊಟ್ಟು ಮೀಟಿದರು, ಪ್ರತಿ ಮೀಟಿಗೆ ಎರಡು ಮೂರು ಇಂಚು ಮುಂದೆ. ಪೈಪುಗಳೆಲ್ಲ ಒಂದೇ ಗಾತ್ರದವು, ದಪ್ಪ ಗೋಡೆಯವು, ಚೌಕಟ್ಟಿನ ಅಗಲಕ್ಕಿಂತ ಎರಡೂ ಕಡೆ ಗೇಣುದ್ದ ಹೊರಚಾಚಿದವು. ಅಡಿಯಲ್ಲಿ ಯಾವಾಗಲೂ ಮೂರು ಇರಬೇಕು, ನಾಲ್ಕನೆಯದು ಮುಂದೆ ಕಾದಿರಬೇಕು. ಹಿಂದಿನದು ಹೊರಬಂದಾಗ ಅದನ್ನು ಎತ್ತಿ ಮುಂದಕ್ಕೆ. ಪೈಪಿನ ಬಾಯೊಳಗೆ ಬೆರಳು ತೂರಿಸಿ ಎತ್ತುವುದಿಲ್ಲ, ಹೊರಮೈ ಹಿಡಿದೇ ಎತ್ತಬೇಕು. ಇನ್ನೂ ದಪ್ಪ ಪೈಪು ಇದ್ದರೆ ಇನ್ನೂ ಸಲೀಸು ಅಲ್ಲವೇ ಎಂದರೆ, ಹೌದು, ಆದರೆ ಜಾರಿಬಿದ್ದರೆ ಬೀಳುವ ಎತ್ತರವೂ ಅಷ್ಟೇ ಹೆಚ್ಚು. ಇಲ್ಲೂ ಅದೇ ಬೆರಳಿನ ಲೆಕ್ಕ.

ತಿರುವಿನಲ್ಲಿ ನಾನು ಉಸಿರು ಬಿಗಿಹಿಡಿದು ನೋಡಿದೆ. ಸ್ಟೇರಿಂಗಿಲ್ಲದ ಟನ್ ಭಾರ, ಬಾಗಿಲಿಗೆ ಓರೆಯಾಗಿ ನಿಂತಿದೆ. ಮೇಸ್ತ್ರಿ ಸುತ್ತಿಗೆ ತೆಗೆದುಕೊಂಡು ಮುಂದಿನ ಪೈಪಿನ ತುದಿಗೆ ಟಕ್ ಎಂದು ಒಂದು ಏಟು ಕೊಟ್ಟರು. ಪೈಪು ಸ್ವಲ್ಪ ಓರೆಯಾಯಿತು. ಹಾರೆಯಿಂದ ಮೀಟಿದರು, ಮೆಷಿನ್ನು ಆ ಕಡೆಗೆ ಮೂತಿ ತಿರುಗಿಸಿತು! ಇನ್ನೊಂದು ಟಕ್, ಇನ್ನೊಂದು ಮೀಟು. ಬಾಗಿಲಿನ ಎರಡೂ ಕಡೆ ನಾಲ್ಕು ನಾಲ್ಕು ಬೆರಳು ಬಿಟ್ಟುಕೊಂಡು ಲೇತು ಆಚೆ ಹೋಯಿತು.

ಈ ವಿದ್ಯೆ ಹೊಸದೇ? ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ ನೋಡಿ. ಅಶೋಕನ ಶಾಸನ ಇರುವ ಜಾಗ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಗೆದು ಅಧ್ಯಯನ ಮಾಡಿದರು. ಬ್ರಹ್ಮಗಿರಿಯಲ್ಲಿ ಬೃಹತ್ ಶಿಲಾಯುಗದ ಸಮಾಧಿಗಳಿವೆ: ಗ್ರಾನೈಟಿನ ನಾಲ್ಕು ಭಾರೀ ಚಪ್ಪಡಿಗಳನ್ನು ಸ್ವಸ್ತಿಕದ ಆಕಾರದಲ್ಲಿ ಒಂದಕ್ಕೊಂದು ಆನಿಸಿ ನಿಲ್ಲಿಸಿ, ಒಂದರಲ್ಲಿ ದುಂಡನೆಯ ಕಿಂಡಿ ಕೊರೆದು, ಮೇಲೊಂದು ಚಪ್ಪಡಿ ಮುಚ್ಚಿದ ಕೋಣೆಗಳು. ಎರಡು ಸಾವಿರ ವರ್ಷಕ್ಕೂ ಹಿಂದೆ, ಇದೇ ಬಯಲುಸೀಮೆಯ ಬಿಸಿಲಿನಲ್ಲಿ, ಮರ, ಹಗ್ಗ, ಮಣ್ಣು, ತೋಳು ನೆಚ್ಚಿಕೊಂಡು ಯಾರೋ ಆ ಚಪ್ಪಡಿಗಳನ್ನು ಸಾಗಿಸಿ ನಿಲ್ಲಿಸಿದರು! ಚಿತ್ರದುರ್ಗದ ಕೋಟೆಯೊಳಗೆ ಬನ್ನಿ, ಕಲ್ಲು ಕಟ್ಟಿದ ಗುಂಡಿಯಲ್ಲಿ ಸಿಡಿಮದ್ದು ಬೀಸುವ ನಾಲ್ಕು ದೈತ್ಯ ಕಲ್ಲುಗಳು ಕೂತಿವೆ. ಅವನ್ನು ಆನೆ ಕಟ್ಟಿ ತಿರುಗಿಸುತ್ತಿದ್ದರೆಂದು ಹೇಳುತ್ತಾರೆ. ಅದೊಂದು ಕಾರ್ಖಾನೆಯ ಮೆಷಿನ್ನೇ ಅಲ್ಲವೇ? ಅದನ್ನೂ ಯಾರೋ ಆ ಗುಡ್ಡದ ಮೇಲೆ ತಂದು ಕೂರಿಸಿದ್ದಾರೆ. ಕಲ್ಲಿನ ಕೆಲಸವನ್ನೇ ಕುಲಕಸುಬಾಗಿ ಮಾಡಿಕೊಂಡು ಬಂದ ಭೋವಿ ಸಮುದಾಯದವರು ಇಂದಿಗೂ ಹಾರೆ ಹಿಡಿದು ಬಂಡೆಯನ್ನು ಮಾತನಾಡಿಸುವುದನ್ನು ಈ ಜಿಲ್ಲೆಯ ಕ್ವಾರಿಗಳಲ್ಲಿ ನೋಡಬಹುದು. ಚಪ್ಪಡಿಯ ಹೊಟ್ಟೆಯ ಮಧ್ಯಕ್ಕೆ ಒಂದು ಬೆಣಚುಕಲ್ಲು ಕೊಟ್ಟು, ಇಡೀ ಚಪ್ಪಡಿಯನ್ನು ಒಂದು ಕೈಯಲ್ಲಿ ತಿರುಗಿಸಿಬಿಡುತ್ತಾರೆ!

ಅಮೆರಿಕದ ಮಿಷಿಗನ್‌ನಲ್ಲಿ ವಾಲಿ ವಾಲಿಂಗ್ಟನ್ ಎಂಬ ನಿವೃತ್ತ ಕಟ್ಟಡ ಕೆಲಸಗಾರ ಇದೇ ಬೆಣಚುಕಲ್ಲಿನ ಉಪಾಯದಿಂದ ಟನ್‌ಗಟ್ಟಲೆ ತೂಕದ ಕಾಂಕ್ರೀಟು ಕಂಬಗಳನ್ನು ತನ್ನ ಅಂಗಳದಲ್ಲಿ ಒಬ್ಬನೇ ಸಾಗಿಸಿ, ಒಬ್ಬನೇ ಎಬ್ಬಿಸಿ ನಿಲ್ಲಿಸಿ ಜಗತ್ತಿಗೆ ತೋರಿಸಿದ. ಅವನು ಕಂಬವನ್ನು ಮೇಲೇರಿಸಿದ ಬಗೆ ಯಾವುದು ಗೊತ್ತೇ? ಅತ್ತ ಓಲಿಸಿ ಇತ್ತ ಒಂದು ಹಲಗೆ, ಇತ್ತ ಓಲಿಸಿ ಅತ್ತ ಒಂದು ಹಲಗೆ. 1770ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿಗೆ ಸಾವಿರ ಟನ್ನಿಗೂ ಮೀರಿದ ಒಂದು ಬಂಡೆಯನ್ನು ಸಾಗಿಸಿದರು. ಅದರ ಅಡಿಯಲ್ಲಿ ಉರುಳಿದ್ದು ಲೋಹದ ಗುಂಡುಗಳು. ಬ್ರಹ್ಮಗಿರಿ, ಮಿಷಿಗನ್, ಹೊಸದುರ್ಗ ಎಲ್ಲ ಕಡೆಯೂ ಭಾರಕ್ಕೆ ಒಪ್ಪಿಗೆಯಾಗುವ ಉಪಾಯ ಒಂದೇ ಕುಟುಂಬದ್ದು ಎಂದು ತಿಳಿದಾಗ ಮೈ ಜುಮ್ಮೆನ್ನುತ್ತದೆ.

ಹೊಸ ಶೆಡ್ಡಿನ ನೆಲ ಹಳೆಯದಕ್ಕಿಂತ ತಗ್ಗು. ನಡುವೆ ದಪ್ಪ ಹಲಗೆಗಳ ಇಳಿಜಾರು ಮಾಡಬೇಕಾಯಿತು, ಹತ್ತಡಿಗೆ ಒಂದಡಿ ಇಳಿತ. ನನಗೆ ಇಳಿಜಾರು ಕಂಡು ಖುಷಿಯಾಯಿತು, ಮೇಸ್ತ್ರಿಯ ಮುಖ ಗಂಭೀರವಾಯಿತು. ಟನ್ ಭಾರ ಅಂಥ ಇಳಿಜಾರಿನಲ್ಲಿ ತಾನೇ 100 ಕಿಲೋದಷ್ಟು ಬಲವಾಗಿ ಕೆಳಗೆ ಎಳೆಯುತ್ತದೆ. ಉರುಳೆಯ ಮೇಲಿದ್ದರೆ ಕೇಳುವುದೇ ಬೇಡ. ಮಟ್ಟ ನೆಲದಲ್ಲಿ ಮೀಟದಿದ್ದರೆ ನಿಂತೇ ಇರುತ್ತಿದ್ದ ಮೆಷಿನ್ನು ಇಲ್ಲಿ ಬಿಟ್ಟರೆ ಓಡುತ್ತದೆ.

ಅವರು ಹಗ್ಗ ತೆಗೆದರು. ಒಂದು ತುದಿಯನ್ನು ಚೌಕಟ್ಟಿನ ತೊಲೆಗೆ ಕಟ್ಟಿ, ಇನ್ನೊಂದನ್ನು ಮೇಲುಗಡೆಯ ಶೆಡ್ಡಿನ ಕಲ್ಲುಕಂಬಕ್ಕೆ ಮೂರು ಸುತ್ತು ಸುತ್ತಿ ತುದಿಯನ್ನು ಕೈಯಲ್ಲಿ ಹಿಡಿದರು. ಗಂಟು ಹಾಕಲಿಲ್ಲ! ಸುಮ್ಮನೆ ಸುತ್ತು. ಹಿಡಿದಿದ್ದು ಬೆರಳ ತುದಿಯಲ್ಲಿ. ಹಗ್ಗ ಬಿಗಿದು ನಿಂತಿತು, ಮೆಷಿನ್ನೂ ನಿಂತಿತು. ಹಿಡಿತ ಕೊಂಚ ಸಡಿಲಿಸಿದರೆ ಒಂದು ಇಂಚು ಇಳಿಯಿತು. ಬಿಗಿಮಾಡಿದರೆ ನಿಂತಿತು.

ಹೋರಿಯನ್ನು ಗೂಟಕ್ಕೆ ಸುತ್ತು ಹಾಕಿ ತಡೆಯುವವರಿಗೆ ಇದು ಗೊತ್ತಿರುವ ವಿಷಯ. ಆದರೆ ಇದರ ಲೆಕ್ಕ ಗೊತ್ತಾದಾಗ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. 18ನೇ ಶತಮಾನದಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಕಂಡುಕೊಟ್ಟ ಲೆಕ್ಕ ಅದು. ಕಂಬಕ್ಕೆ ಸುತ್ತಿದ ಹಗ್ಗದ ಹಿಡಿತ ಸುತ್ತಿಗೊಮ್ಮೆ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ! ಹಗ್ಗಕ್ಕೂ ಕಂಬಕ್ಕೂ ನಡುವಿನ ಘರ್ಷಣೆಯ ಅಂಕ 0.3 ಅಂತ ಇಟ್ಟುಕೊಂಡರೆ ಒಂದು ಸುತ್ತಿಗೆ ಆರೂವರೆ ಪಟ್ಟು, ಎರಡು ಸುತ್ತಿಗೆ 43 ಪಟ್ಟು, ಮೂರು ಸುತ್ತಿಗೆ 280 ಪಟ್ಟಿಗೂ ಮೇಲೆ. ಅಂದರೆ 100 ಕಿಲೋದ ಎಳೆತವನ್ನು ತಡೆದು ನಿಲ್ಲಿಸಲು ಕೈಯಲ್ಲಿ ಬೇಕಾದದ್ದು ಅರ್ಧ ಕಿಲೋಗಿಂತ ಕಡಿಮೆ! ಹಿಡಿದಿದ್ದು ಕಂಬ, ಮೇಸ್ತ್ರಿ ಅದಕ್ಕೆ ಅಪ್ಪಣೆ ಕೊಡುತ್ತಿದ್ದರು. ಹಗ್ಗದ ತುದಿಯನ್ನು ಅಂಗೈಗೆ ಸುತ್ತಿಕೊಳ್ಳಬಾರದು. ಇಳಿಯುವ ಭಾರದ ಕೆಳಗಡೆ, ಅದು ಓಡಿದರೆ ತಾಕುವ ಕಡೆ, ಯಾರೂ ಯಾವ ಕಾರಣಕ್ಕೂ ನಿಲ್ಲಬಾರದು. ಉರುಳೆ ಬದಲಿಸುವ ಮುನ್ನ ಹಗ್ಗವನ್ನು ಕಂಬಕ್ಕೆ ಭದ್ರವಾಗಿ ಕಟ್ಟಿ, ತೊಲೆಯ ಮುಂದಕ್ಕೆ ಬೆಣೆ ಒಡ್ಡಿ, ಆಮೇಲಷ್ಟೇ ಪಕ್ಕದಿಂದ ಹೋಗಿ ಕೋಲಿನಿಂದ ಪೈಪು ತಳ್ಳುತ್ತಿದ್ದರು. ನಮ್ಮ ಕಡೆಯ ತೇರುಗಳಲ್ಲಿ ಮಿಣಿ ಎಳೆಯುವವರು ಸಾವಿರ ಜನ ಇದ್ದರೂ ಗಾಲಿಯ ಬಳಿ ಮರದ ದಿಮ್ಮಿ ಹಿಡಿದು ನಿಂತವರ ಮೇಲೇ ಎಲ್ಲರ ಜೀವ ನಿಂತಿರುವುದು ನೆನಪಾಯಿತು.

ಇದನ್ನೆಲ್ಲ ಕೇಳಿ ಎಲ್ಲ ಮೆಷಿನ್ನನ್ನೂ ಹೀಗೆ ಸಾಗಿಸಬಹುದು ಎಂದುಕೊಳ್ಳಬಾರದು. ಮೂಲೆಯಲ್ಲಿದ್ದ ಪಿಲ್ಲರ್ ಡ್ರಿಲ್ಲಿಂಗ್ ಮೆಷಿನ್ನು ಲೇತಿಗಿಂತ ಎಷ್ಟೋ ಹಗುರ, ಆದರೆ ಮೇಸ್ತ್ರಿ ಅದಕ್ಕೇ ಹೆಚ್ಚು ಅಂಜುತ್ತಾರೆ. ಮೋಟಾರೂ ಪುಲ್ಲಿಯೂ ತಲೆಯಲ್ಲಿ, ಪಾದ ಸಣ್ಣದು. ಮೊದಲು ಟೇಬಲ್ ಇಳಿಸಿ, ತಲೆ ಬಿಚ್ಚಿ ಬೇರೆ ಮಾಡಿ, ಕಂಬ ಬೇರೆ, ಪಾದ ಬೇರೆ ಸಾಗಿಸುತ್ತಾರೆ. ಮೆಟ್ಟಿಲು ಇದ್ದರೆ, ಲಾರಿಗೆ ಏರಿಸಬೇಕಿದ್ದರೆ ಒಬ್ಬರೇ ಮಾಡುವ ಮಾತೇ ಇಲ್ಲ. ಬೋರ್‌ವೆಲ್ ಪಂಪು ಎತ್ತುವವರ ಹತ್ತಿರ ಮೂರು ಕಾಲಿನ ಸ್ಟ್ಯಾಂಡೂ ಚೈನ್ ಬ್ಲಾಕೂ ಇರುತ್ತವೆ, ಅವನ್ನು ತರಿಸಬೇಕು, ಇಲ್ಲವೇ ಕ್ರೇನ್ ಕರೆಸಬೇಕು. ಆ ಬಾಡಿಗೆ ಉಳಿಸಲು ಹೋಗಿ ಕಾಲು ಕಳೆದುಕೊಂಡವರು ಇದ್ದಾರೆ.

ಮೆಷಿನ್ನು ಹೊಸ ಜಾಗ ಸೇರಿತು, ಹಲಗೆ ಒಂದೊಂದಾಗಿ ಹೊರಬಂದವು, ಏರಿದ ಮೆಟ್ಟಿಲನ್ನೇ ಲೇತು ಇಳಿಯಿತು. ಕೆಲಸ ಮುಗಿಯಿತು ಅಂದುಕೊಂಡೆ. ನಿಜವಾದ ಅಚ್ಚರಿ ಇನ್ನೂ ಬಾಕಿ ಇತ್ತು!

ಮೇಸ್ತ್ರಿ ಬೆಡ್ಡಿನ ಮೇಲೆ ಒಂದು ಲೆವೆಲ್ ಇಟ್ಟರು. ಗಾರೆ ಕೆಲಸದವರ ರಸಮಟ್ಟ ಇದಕ್ಕೆ ಸಾಲದು. ಒಂದು ಮೀಟರ್ ಉದ್ದಕ್ಕೆ 0.02 ಮಿಲಿಮೀಟರ್ ಏರಿಳಿತವಿದ್ದರೂ ಗುಳ್ಳೆ ಸರಿದು ತೋರಿಸುವ ಲೆವೆಲ್ ಅದು. ಉದ್ದಕ್ಕೆ ನೋಡಿದರು. ಅಡ್ಡಕ್ಕೆ, ಎಡತುದಿಯಲ್ಲಿ ನೋಡಿದರು, ಬಲತುದಿಯಲ್ಲಿ ನೋಡಿದರು. ಎರಡು ಕಡೆ ಗುಳ್ಳೆ ಬೇರೆ ಬೇರೆ ಕಡೆ ನಿಂತಿತ್ತು. ಅಂದರೆ ಬೆಡ್ಡು ತಿರುಚಿಕೊಂಡಿದೆ! ಆ ಬೀಡು ಕಬ್ಬಿಣದ ಬೆಟ್ಟ, ಹಾರೆಯಿಲ್ಲದೆ ಜಗ್ಗದ ಆ ಟನ್ ಮೆಷಿನ್ನು, ನೆಲ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ತಗ್ಗಿದ್ದಕ್ಕೆ ಮೈ ತಿರುಚಿಕೊಂಡಿದೆ! ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ, ಆದರೆ ಟೂಲಿಗೆ ಗೊತ್ತಾಗುತ್ತದೆ. ಹೀಗೇ ಬೋಲ್ಟು ಬಿಗಿದರೆ ಇಲ್ಲಿ ಕೊರೆದ ಪ್ರತಿ ಶಾಫ್ಟೂ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ.

ತಗ್ಗಿದ ಕಾಲಿನ ಅಡಿಗೆ ಹಿತ್ತಾಳೆಯ ತೆಳು ಹಾಳೆಯೊಂದು ಹೋಯಿತು. ವೈರುಗಳು ಟೇಪಿನ ಬಣ್ಣ ನೋಡಿ ಜೋಡಣೆಯಾದವು. ಚಕ್ಕು ಹಾಕುವ ಮೊದಲೇ ಮೋಟಾರನ್ನು ಒಂದು ಕ್ಷಣ ತಿರುಗಿಸಿ ಸುತ್ತು ಸರಿಯಿದೆಯೇ ಎಂದು ನೋಡಿಕೊಂಡರು. ನಂತರ ಚಕ್ಕಿಗೆ ಒಂದು ದಪ್ಪ ಸರಳು ಕಚ್ಚಿಸಿ, ಟೇಲ್‌ಸ್ಟಾಕಿನ ಆಸರೆ ಕೊಡದೆ, ಅದರ ಎರಡೂ ತುದಿಯಲ್ಲಿ ಟೂಲ್ ಕದಲಿಸದೆ ಒಂದೇ ಅಳತೆಗೆ ಸಣ್ಣಗೆ ಕೊರೆದರು. ಮೈಕ್ರೋಮೀಟರ್ ಹಿಡಿದರು. ಎರಡು ತುದಿಗೂ ಮಿಲಿಮೀಟರಿನ ನೂರರಲ್ಲಿ ಮೂರು ಪಾಲು ವ್ಯತ್ಯಾಸ. ಸ್ಪ್ಯಾನರು ಹಿಡಿದು ಬಲಗಾಲಿನ ಒಂದು ಬೋಲ್ಟನ್ನು ಕಾಲು ಸುತ್ತು ಬಿಗಿದರು. ಮತ್ತೆ ಕೊರೆದರು, ಮತ್ತೆ ಅಳೆದರು. ಬೆಳಗಿನಿಂದ ಟನ್ ಲೆಕ್ಕದಲ್ಲಿ ಆಡಿದ ಕೈ ಈಗ ಕೂದಲಿನ ಲೆಕ್ಕದಲ್ಲಿ ಆಡುತ್ತಿತ್ತು! ಮೂರನೆಯ ಸಲ ಎರಡೂ ತುದಿ ಸರಿಸಮ ಬಂದವು.

ಮೇಸ್ತ್ರಿ ಮೈಕ್ರೋಮೀಟರನ್ನು ಒರೆಸಿ ಡಬ್ಬಿಗೆ ಹಾಕಿ, ಬಾಗಿಲ ಕಡೆ ತಿರುಗಿ ಮೊಮ್ಮಗನಿಗೆ ಹೇಳಿದರು: “ಆ ಪಂಪ್ ಶಾಫ್ಟಿನ ಗೌಡ್ರಿಗೆ ಫೋನ್ ಮಾಡು. ಮೆಷಿನ್ ರೆಡಿ ಐತೆ, ತಗಂಡ್ ಬರ್ಲಿ.”